ಸಂಶೋಧನೆಗೂ ಸಂಬಳವುಂಟು

(ಹೈದರಾಬಾದಿನಲ್ಲಿ ನಮ್ಮ ಸಂಘದ ವಾರ್ಷಿಕ ಕೂಟದಲ್ಲಿ ಮಾಡಿದ ಭಾಷಣ)



ಈ ವೇದಿಕೆಯಿಂದ ತಾವು ಸಾಮಾನ್ಯವಾಗಿ ಕೇಳುವುದು ಬೋನಸ್ಸಿನ ಮಾತು, ಪ್ರಾವಿಡೆಂಟ್ ಫಂಡಿನ ಮಾತು, ನವೆಂಬರು ಬಂದರೆ ರಾಜ್ಯೋತ್ಸವದ ಮಾತು. ಇಂದು ನಾವು ಅಂತರರಾಷ್ಟ್ರೀಯ ನ್ಯಾಯಶಾಸ್ತ್ರದ ಮಾತನ್ನಾಡಲು ನಿಂತಿದ್ದೇವೆ. ಹಿಂದಿನ ಸಾಲಿನಲ್ಲಿ ಒಬ್ಬಿಬ್ಬರು ಆಗಲೇ ಬಾಗಿಲ ಕಡೆ ನೋಡುತ್ತಿದ್ದಾರೆ. ಸ್ವಲ್ಪ ಕುಳಿತುಕೊಳ್ಳಬೇಕು, ಇದು ಸಂಘದ ಹಣಕ್ಕೆ ಸಂಬಂಧಪಟ್ಟ ವಿಷಯ.

ಒಂದು ತಿಂಗಳ ಹಿಂದೆ ನಮ್ಮ ಸದಸ್ಯರೊಬ್ಬರು, ಕುಂದಾಪುರದ ಕಡೆಯ ಅಡಿಗೆಯವರು, ಕಾರ್ಯಕಾರಿ ಸಮಿತಿಯ ಮುಂದೆ ಒಂದು ಅರ್ಜಿ ಇಟ್ಟರು. ಮಗಳು ಇದೇ ಊರಿನಲ್ಲಿ ಕಾನೂನು ಓದಿ ಎಲ್‌ಎಲ್.ಎಂ. ಮುಗಿಸಿದ್ದಾಳೆ. ಈಗ ದೇಶದೇಶಗಳ ನಡುವಿನ ಕಾನೂನಿನಲ್ಲಿ ಪಿಎಚ್.ಡಿ. ಮಾಡಬೇಕೆಂದು ಹಟ ಹಿಡಿದಿದ್ದಾಳೆ. ಒಂದು ಖಾಸಗಿ ಸಂಸ್ಥೆ ಸೇರಿಸಿಕೊಳ್ಳಲು ಒಪ್ಪಿದೆ. ವರ್ಷಕ್ಕೆ ಒಂದೂವರೆ ಲಕ್ಷ ಶುಲ್ಕ. ಮೊದಲ ವರ್ಷದ ಹಣವನ್ನು ಸಂಘದ ಸಹಾಯನಿಧಿಯಿಂದ ಸಾಲವಾಗಿ ಕೊಡಬೇಕೆಂದು ಅವರ ಬೇಡಿಕೆ. "ಡಾಕ್ಟ್ರು ಆಗ್ತಾಳಂತೆ, ಆದ್ರೆ ಆಸ್ಪತ್ರೆ ಡಾಕ್ಟ್ರು ಅಲ್ಲವಂತೆ. ನನಗೆ ಪೂರ್ತಿ ತಿಳೀಲಿಲ್ಲ ಮಾರಾಯ್ರೆ, ಹುಡುಗಿ ಮಾತ್ರ ಬುದ್ಧಿವಂತೆ" ಎಂದು ಅವರು ಹೇಳಿದಾಗ ಯಾರೂ ನಗಲಿಲ್ಲ, ಯಾಕೆಂದರೆ ಸಮಿತಿಯಲ್ಲಿ ಯಾರಿಗೂ ಪೂರ್ತಿ ತಿಳಿದಿರಲಿಲ್ಲ.

ಗುಲ್ಬರ್ಗಾದ ಗಿರಣಿಯಲ್ಲಿ ದುಡಿದು ಇಲ್ಲಿಗೆ ಬಂದು ನೆಲಸಿದ ಹಿರಿಯರೊಬ್ಬರು ನೇರವಾಗಿ ಕೇಳಿದರು: "ಆ ಹುಡಿಗಿ ವಕೀಲಿ ಮಾಡ್ಲಿ ಬಿಡ್ರಿ. ಜಿನೀವಾ ಏನು, ಹೇಗ್ ಏನು, ಅದರಿಂದ ನಮ್ಮ ತಾಟಿಗೆ ಏನು ಬೀಳ್ತದ?" ಮತ್ತೊಬ್ಬರು, ಹೆಣ್ಣುಮಗು ಓದುತ್ತೇನೆಂದರೆ ಇಲ್ಲವೆನ್ನಬಾರದು, ಕೊಟ್ಟುಬಿಡಿ ಎಂದರು. ತೀರ್ಮಾನವಾಗಲಿಲ್ಲ. ವಿಚಾರಿಸಿ ಹೇಳುವ ಹೊಣೆ ನಮ್ಮ ಮೇಲೆ ಬಿತ್ತು. ವಿಚಾರಿಸಿದ್ದನ್ನು ಸಮಿತಿಗೆ ಮಾತ್ರ ಹೇಳದೆ ಸಭೆಗೇ ಹೇಳುತ್ತಿದ್ದೇವೆ. ನಾಳೆ ಇಂಥದೇ ಅರ್ಜಿ ಬೇರೆ ಮನೆಗಳಿಂದಲೂ ಬರಬಹುದು.

ಹಿರಿಯರ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳೋಣ. ತಾಟಿಗೆ ಏನು ಬೀಳುತ್ತದೆ?

ಒಂದನೆಯ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ, ವರ್ಸೇಲ್ಸ್ ಒಪ್ಪಂದದ ಒಂದು ಭಾಗವಾಗಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಹುಟ್ಟಿತು. ಅದೇ ವರ್ಷದ ಕೊನೆಗೆ ವಾಷಿಂಗ್‌ಟನ್ನಿನಲ್ಲಿ ಅದರ ಮೊದಲನೆಯ ಸಮ್ಮೇಳನ ಕೂಡಿತು. ಕಾರ್ಮಿಕರ ಪರವಾಗಿ ನಮ್ಮ ದೇಶದಿಂದ ಹೋದವರು ಎನ್. ಎಂ. ಜೋಶಿಯವರು. ಆ ಸಮ್ಮೇಳನದ ಮೊದಲನೆಯ ಒಪ್ಪಂದವೇ ಕೆಲಸದ ಗಂಟೆಗಳನ್ನು ಕುರಿತದ್ದು: ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು. ಆದರೆ ನಮಗೆ ಅಷ್ಟು ಕೊಡಲಿಲ್ಲ. ಅದರ ಹತ್ತನೆಯ ವಿಧಿಯಲ್ಲಿ ಬ್ರಿಟಿಷ್ ಇಂಡಿಯಾಕ್ಕೆ ಪ್ರತ್ಯೇಕವಾಗಿ ವಾರಕ್ಕೆ ಅರವತ್ತು ಗಂಟೆ ಎಂದು ಬರೆದರು. ಅದೂ ಆ ಕಾಲಕ್ಕೆ ಲಾಭವೇ. 1911ರ ಕಾಯಿದೆಯ ಪ್ರಕಾರ ಬಟ್ಟೆಯ ಗಿರಣಿಯಲ್ಲಿ ಗಂಡಾಳು ದಿನಕ್ಕೆ ಹನ್ನೆರಡು ಗಂಟೆ ನಿಲ್ಲಬೇಕಾಗಿತ್ತು. ಹಿಂದುಸ್ತಾನ ಸರಕಾರ 1921ರ ಜುಲೈಯಲ್ಲಿ ಒಪ್ಪಂದವನ್ನು ಅಂಗೀಕರಿಸಿತು, 1922ರಲ್ಲಿ ಫ್ಯಾಕ್ಟರಿ ಕಾಯಿದೆ ತಿದ್ದಿ ಅರವತ್ತು ಗಂಟೆಯಾಯಿತು, 1934ರಲ್ಲಿ ಐವತ್ತನಾಲ್ಕು, 1946ರಲ್ಲಿ ನಲವತ್ತೆಂಟು. ದೂರದ ವಾಷಿಂಗ್‌ಟನ್ನಿನಲ್ಲಿ ಕಾಗದದ ಮೇಲೆ ಬರೆದ ಸಂಖ್ಯೆ ಇಲ್ಲಿ ಪಾಳಿಯ ಸಿಳ್ಳಾಯಿತು. ಮುಷ್ಕರಗಳ ಪಾಲೂ ಇದರಲ್ಲಿದೆ, ಅದನ್ನು ನಾವು ಮರೆಯುವುದಿಲ್ಲ. ಆದರೆ ಮುಷ್ಕರ ಹೂಡಿದವನ ಕೈಯಲ್ಲಿ ತೋರಿಸಲು ಆ ಕಾಗದವೂ ಇತ್ತು.

ಇನ್ನು ಹೋಟೆಲಿನವರ ಮಾತು. 1991ರಲ್ಲಿ ಅದೇ ಸಂಸ್ಥೆ ಹೋಟೆಲು ಮತ್ತು ಊಟದ ಮನೆಗಳ ಕೆಲಸಗಾರರಿಗಾಗಿಯೇ ಒಂದು ಒಪ್ಪಂದ ಮಾಡಿದೆ. ಅದರ ಸಂಖ್ಯೆ 172. ಗಿರಾಕಿ ಕೊಡುವ ಟಿಪ್ಸ್ ಎಷ್ಟೇ ಇರಲಿ, ಕೆಲಸಗಾರನಿಗೆ ಮೂಲ ಸಂಬಳ ಗೊತ್ತಾದ ಕಾಲಕ್ಕೆ ಸಲ್ಲಬೇಕು ಎಂದು ಅದು ಹೇಳುತ್ತದೆ. ಕೆಲಸ ಕೊಡಿಸಲು ಹಣ ತೆಗೆದುಕೊಳ್ಳುವುದು, ಎಂದರೆ ಕೆಲಸವನ್ನು ಮಾರುವುದು ಮತ್ತು ಕೊಳ್ಳುವುದು, ಎಲ್ಲಿ ರೂಢಿಯಲ್ಲಿದೆಯೋ ಅಲ್ಲಿ ಅದನ್ನು ನಿಷೇಧಿಸಬೇಕು ಎಂದೂ ಹೇಳುತ್ತದೆ. ಈ ಸಭೆಯಲ್ಲಿರುವ ಎಷ್ಟು ಮಂದಿ ಸಪ್ಲೈಯರುಗಳು ಈ ಒಪ್ಪಂದದ ಹೆಸರು ಕೇಳಿದ್ದೀರಿ? ನಾವೂ ಕೇಳಿರಲಿಲ್ಲ, ಆ ಹುಡುಗಿ ಹೇಳಿದ ಮೇಲೆ ಓದಿದೆವು. ಭಾರತ ಇದನ್ನು ಇನ್ನೂ ಅಂಗೀಕರಿಸಿಲ್ಲ. ಅಂಗೀಕರಿಸದ ಒಪ್ಪಂದದಿಂದ ನ್ಯಾಯಾಲಯದಲ್ಲಿ ಏನು ಪ್ರಯೋಜನ, ಅಂಗೀಕರಿಸುವಂತೆ ಮಾಡುವ ದಾರಿ ಯಾವುದು ಎಂಬುದನ್ನು ಹೇಳಬಲ್ಲವರು ಈ ಶಾಸ್ತ್ರ ಓದಿದವರು. ಅಂಥವರು ಒಬ್ಬರಾದರೂ ನಮ್ಮ ಮನೆಗಳಿಂದ ಬರಬೇಡವೇ?

ಇಲ್ಲಿ ಒಂದು ಸಣ್ಣ ಭೇದವನ್ನು ತಿಳಿಸಿಬಿಡುತ್ತೇವೆ. ಹೈದರಾಬಾದಿನ ಹೆಣ್ಣು ದುಬೈಯಲ್ಲಿರುವ ಗಂಡನಿಂದ ವಿಚ್ಛೇದನ ಬೇಡಿದರೆ ಯಾವ ದೇಶದ ಕಾನೂನು ನಡೆಯಬೇಕೆಂಬುದು ಖಾಸಗಿ ಅಂತರರಾಷ್ಟ್ರೀಯ ನ್ಯಾಯ. ಸರಕಾರ ಸರಕಾರಗಳ ನಡುವೆ ಯುದ್ಧ, ನದಿ, ಗಡಿ, ಒಪ್ಪಂದ, ರಾಯಭಾರಿಗಳ ವಿಚಾರ ಬಂದರೆ ಅದು ಸಾರ್ವಜನಿಕ ಅಂತರರಾಷ್ಟ್ರೀಯ ನ್ಯಾಯ. ನಾವು ಆಡುತ್ತಿರುವುದು ಎರಡನೆಯದರ ಮಾತು.

ಈ ಎರಡನೆಯದಕ್ಕೆ ನಮ್ಮ ಊರೇ ಒಂದು ಪಾಠಶಾಲೆ. 1948ರ ಆಗಸ್ಟ್ 21ರಂದು ನಿಜಾಮ ಸರಕಾರ ವಿಶ್ವಸಂಸ್ಥೆಯ ಭದ್ರತಾ ಸಮಿತಿಗೆ ದೂರು ಕಳಿಸಿತು. ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಗೆ ಬಂದಿತು. 16ರಂದು ಪ್ಯಾರಿಸಿನಲ್ಲಿ ಸಮಿತಿ ದೂರನ್ನು ಚರ್ಚೆಗೆ ಎತ್ತಿಕೊಂಡಿತು. ಮರುದಿನವೇ ಇಲ್ಲಿ ನಿಜಾಮರು ಕದನ ನಿಲ್ಲಿಸಿದರು. ಹೈದರಾಬಾದು ಒಂದು ರಾಷ್ಟ್ರವಾಗಿತ್ತೇ, ದೂರು ಕೊಡುವ ಹಕ್ಕು ಅದಕ್ಕಿತ್ತೇ ಎಂಬುದರ ಮೇಲೆ ಪಂಡಿತರು ಎಷ್ಟೋ ಬರೆದಿದ್ದಾರೆ. ನಮ್ಮಲ್ಲಿ ಗುಲ್ಬರ್ಗಾ, ರಾಯಚೂರು, ಬೀದರಿನವರಿಗೆ ಇದು ಪುಸ್ತಕದ ವಿಷಯವಲ್ಲ, ಅಜ್ಜ ಹೇಳಿದ ಕಥೆ. 1956ರ ನವೆಂಬರ್ 1ರವರೆಗೆ ಆ ಜಿಲ್ಲೆಗಳು ಹೈದರಾಬಾದು ರಾಜ್ಯದಲ್ಲೇ ಇದ್ದುವು.

ಹಣದ ಕಥೆ ಇನ್ನೂ ಸ್ವಾರಸ್ಯ. ಕದನ ನಿಂತ ಮೂರನೆಯ ದಿನ, 1948ರ ಸೆಪ್ಟೆಂಬರ್ 20ರಂದು, ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಬ್ಯಾಂಕಿನಲ್ಲಿದ್ದ ಹೈದರಾಬಾದು ಸರಕಾರದ 10,07,940 ಪೌಂಡು 9 ಷಿಲಿಂಗು ಅಲ್ಲಿನ ಪಾಕಿಸ್ತಾನದ ಹೈಕಮಿಷನರ್ ರಹಿಂತೂಲಾ ಅವರ ಖಾತೆಗೆ ವರ್ಗವಾಯಿತು. ಕೆಲವೇ ದಿನಗಳಲ್ಲಿ ನಿಜಾಮರು, ಇದು ನಮ್ಮ ಅಪ್ಪಣೆಯಿಲ್ಲದೆ ಆದದ್ದು, ಹಣ ಹಿಂದಕ್ಕೆ ಕೊಡಿ ಎಂದರು. ಬ್ಯಾಂಕು ಯಾರಿಗೂ ಕೊಡಲಿಲ್ಲ. ವ್ಯಾಜ್ಯ ನಡೆದು 1957ರಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್, ಪಾಕಿಸ್ತಾನವು ಸ್ವತಂತ್ರ ರಾಷ್ಟ್ರ, ಅದರ ಒಪ್ಪಿಗೆಯಿಲ್ಲದೆ ನಮ್ಮ ಕೋರ್ಟಿಗೆ ಅದನ್ನು ಎಳೆಯಲಾಗದು ಎಂದು ನಿಲ್ಲಿಸಿಬಿಟ್ಟಿತು. ಹಣ ಬ್ಯಾಂಕಿನಲ್ಲಿ ಕುಳಿತು ಬಡ್ಡಿ ಬೆಳೆಸಿತು. ನಿಜಾಮರು 1967ರಲ್ಲಿ ತೀರಿಕೊಂಡರು. 2013ರಲ್ಲಿ ಪಾಕಿಸ್ತಾನ ತಾನೇ ದಾವೆ ಹೂಡಿತು. ಹಾಗೆ ಹೂಡಿದ್ದರಿಂದ ಅದರ ರಕ್ಷೆ ಕಳಚಿತು. 2019ರ ಅಕ್ಟೋಬರ್ 2ರಂದು ಲಂಡನ್ನಿನ ಹೈಕೋರ್ಟು ನಿಜಾಮರ ವಂಶಸ್ಥರು ಮತ್ತು ಭಾರತದ ಕಡೆಗೆ ತೀರ್ಪು ಕೊಟ್ಟಿತು. ಅಷ್ಟು ಹೊತ್ತಿಗೆ ಹಣ ಸುಮಾರು ಮೂರೂವರೆ ಕೋಟಿ ಪೌಂಡಾಗಿತ್ತು. ಎಪ್ಪತ್ತೊಂದು ವರ್ಷದ ಬಾಕಿ ವಸೂಲಿ! ಲೇಬರ್ ಕೋರ್ಟಿನಲ್ಲಿ ತಡವಾಗುತ್ತದೆಂದು ಗೊಣಗುವ ನಮ್ಮವರು ಇದನ್ನು ನೆನಪಿಡಬಹುದು.

ನಮ್ಮ ಕನ್ನಡ ನಾಡಿಗೂ ಈ ವಿದ್ಯೆ ಹೊಸದಲ್ಲ. ಹೋಟೆಲಿನವರು ಹೆಚ್ಚಾಗಿ ಬಂದಿರುವ ದಕ್ಷಿಣ ಕನ್ನಡದ ನೆಲದವರೇ ಬೆನಗಲ್ ನರಸಿಂಗ ರಾಯರು. ಸಂವಿಧಾನ ಸಭೆಗೆ ಸಲಹೆಗಾರರಾಗಿದ್ದವರು. 1950ರ ಜೂನಿನಲ್ಲಿ ಕೊರಿಯಾ ಯುದ್ಧ ಸಿಡಿದಾಗ ಭದ್ರತಾ ಸಮಿತಿಯ ಅಧ್ಯಕ್ಷಪೀಠದಲ್ಲಿ ಇದ್ದವರು. 1952ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿ 1953ರ ನವೆಂಬರಿನಲ್ಲಿ ತೀರಿಕೊಂಡರು. ಅವರ ತಮ್ಮ ಬಿ. ಶಿವರಾಯರು ಮದರಾಸಿನ ಕಾರ್ಮಿಕ ಚಳವಳಿಯಲ್ಲಿ ದುಡಿದವರು, ಹಿಂದುಸ್ತಾನದ ಕೈಗಾರಿಕಾ ಕಾರ್ಮಿಕನನ್ನು ಕುರಿತು 1939ರಲ್ಲಿ ಪುಸ್ತಕ ಬರೆದವರು. ಅಣ್ಣ ರಾಷ್ಟ್ರಗಳ ನ್ಯಾಯಾಲಯದಲ್ಲಿ, ತಮ್ಮ ಕಾರ್ಮಿಕರ ಸಂಘದಲ್ಲಿ. ಅವರದು ಡಾಕ್ಟರರ ಮನೆ, ಓದಿದ ಮನೆ ಎಂಬುದನ್ನು ನಾವು ಮರೆಮಾಚುವುದಿಲ್ಲ. ಆದರೂ ನರಸಿಂಗ ರಾಯರು ಕೇಂಬ್ರಿಜ್ಜಿಗೆ ಹೋದದ್ದು ಮನೆ ಮಾರಿ ಅಲ್ಲ, ವಿದ್ಯಾರ್ಥಿವೇತನ ಗೆದ್ದು. ಈ ಮಾತೇ ನಮ್ಮನ್ನು ಸಂಗತಿಯ ನಡುವಿಗೆ ತರುತ್ತದೆ.

ಪಿಎಚ್.ಡಿ. ಎಂದರೇನು? ತರಗತಿಯಲ್ಲಿ ಕುಳಿತು ಪಾಠ ಕೇಳುವುದು ಅದರಲ್ಲಿ ಅಲ್ಪಭಾಗ. ಮೂರರಿಂದ ಆರು ವರ್ಷ ಒಂದೇ ಪ್ರಶ್ನೆಯನ್ನು ಹಿಡಿದು, ಯಾರೂ ಕೊಟ್ಟಿರದ ಉತ್ತರವನ್ನು ಆಧಾರ ಸಹಿತ ಬರೆದು, ಪರೀಕ್ಷಕರ ಮುಂದೆ ಸಮರ್ಥಿಸಿಕೊಳ್ಳುವುದು. ಅದು ದುಡಿಮೆ ಬಂಧುಗಳೆ, ಶುದ್ಧ ದುಡಿಮೆ. ಆ ದುಡಿಮೆಯಿಂದ ವಿಶ್ವವಿದ್ಯಾಲಯಕ್ಕೆ ಹೆಸರು ಬರುತ್ತದೆ, ಮಾರ್ಗದರ್ಶಕರಿಗೆ ಹೆಸರು ಬರುತ್ತದೆ. ದುಡಿಮೆಯಾದ ಮೇಲೆ ನಮ್ಮ ಸಂಘ ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ಬಟವಾಡೆ ಯಾವಾಗ? ಹೊಸದಾಗಿ ಊರಿಂದ ಬಂದ ಮಾಣಿ ಹೋಟೆಲು ಸೇರುವಾಗ, ಧಣಿಗೇ ಒಂದೂವರೆ ಲಕ್ಷ ಕೊಟ್ಟು ಸೇರುತ್ತಾನೆಯೇ? ಆ ಅರ್ಜಿಯ ತೊಡಕು ಹುಡುಗಿ ಓದುವುದರಲ್ಲಿ ಇರಲಿಲ್ಲ. ದುಡಿಯುವವಳೇ ಹಣ ಕೊಡುವುದರಲ್ಲಿ ಇತ್ತು.

ಸಂಬಳ ಕೊಡುವ ದಾರಿಗಳಿವೆಯೇ? ಇವೆ. ಕಿರಿದಾದ ದಾರಿಗಳು, ಆದರೆ ಇವೆ.

ನಮ್ಮ ದೇಶದಲ್ಲಿ ಮುಖ್ಯವಾದದ್ದು ಯು.ಜಿ.ಸಿ.ಯ ಜೂನಿಯರ್ ರಿಸರ್ಚ್ ಫೆಲೋಷಿಪ್, ಬಾಯಿಮಾತಿನಲ್ಲಿ ಜೆ.ಆರ್.ಎಫ್. 2023ರ ಜನವರಿ 1ರಿಂದ ಇದರ ದರ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆ ಮೇಲೆ 42,000. ಮನೆಬಾಡಿಗೆಯ ಭತ್ಯೆ ಬೇರೆ. ಒಟ್ಟು ಐದು ವರ್ಷದವರೆಗೆ. ಈ ಸಭೆಯಲ್ಲಿ ಎಷ್ಟು ಮಂದಿಗೆ ತಿಂಗಳಿಗೆ ಅಷ್ಟು ಬರುತ್ತದೆಂದು ನಾವು ಕೇಳುವುದಿಲ್ಲ. ಇದಕ್ಕೆ ನೆಟ್ ಎಂಬ ಪರೀಕ್ಷೆ ಇದೆ, ವರ್ಷಕ್ಕೆ ಎರಡು ಸಲ. ಮೂರು ಗಂಟೆಯಲ್ಲಿ ನೂರೈವತ್ತು ಪ್ರಶ್ನೆ, ಮುನ್ನೂರು ಅಂಕ; ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದನ್ನೂ ಖಾಲಿ ಬಿಡಬಾರದು. ಕಾನೂನಿನ ಪತ್ರಿಕೆಯಲ್ಲಿ ಅಂತರರಾಷ್ಟ್ರೀಯ ನ್ಯಾಯಕ್ಕೆ ಒಂದು ಪ್ರತ್ಯೇಕ ಘಟಕವೇ ಉಂಟು. ಪ್ರಶ್ನೆಗಳು ಇಂಗ್ಲಿಷು ಮತ್ತು ಹಿಂದಿಯಲ್ಲಿ; ಕನ್ನಡದಲ್ಲಿಲ್ಲ. ಅದು ಅನ್ಯಾಯವೆಂದು ನಮ್ಮ ಅಭಿಪ್ರಾಯ, ಆದರೆ ಪರೀಕ್ಷೆಯ ದಿನ ಅಭಿಪ್ರಾಯಕ್ಕೆ ಅಂಕವಿಲ್ಲ.

ಇಲ್ಲೊಂದು ಮೋಸಹೋಗುವ ಜಾಗ ಇದೆ. 2024ರ ಜೂನಿನ ಸರದಿಯಿಂದ ನೆಟ್ಟಿನ ಫಲಿತಾಂಶವನ್ನು ಮೂರು ದರ್ಜೆಯಾಗಿ ಮಾಡಿದ್ದಾರೆ. ಮೊದಲನೆಯ ದರ್ಜೆಗೆ ಮಾತ್ರ ಜೆ.ಆರ್.ಎಫ್. ಎರಡನೆಯದು ಅಧ್ಯಾಪಕ ಹುದ್ದೆಗೂ ಪಿಎಚ್.ಡಿ. ಪ್ರವೇಶಕ್ಕೂ ಅರ್ಹತೆ, ಮೂರನೆಯದು ಬರಿಯ ಪಿಎಚ್.ಡಿ. ಪ್ರವೇಶಕ್ಕೆ. ಪ್ರವೇಶಕ್ಕಾಗಿ ಈ ಕೊನೆಯ ಎರಡರ ಅಂಕ ಒಂದೇ ವರ್ಷ ಬಾಳುತ್ತದೆ. ಮಗ "ನೆಟ್ ಪಾಸಾದೆ" ಎಂದು ಪೇಡೆ ತಂದರೆ ಪೇಡೆ ತಿನ್ನಿ, ತಿಂದ ಮೇಲೆ ಯಾವ ದರ್ಜೆ ಎಂದು ಕೇಳಿ.

ವಯಸ್ಸಿನ ಲೆಕ್ಕವನ್ನೂ ನೋಡಿಕೊಳ್ಳಬೇಕು. ಜೆ.ಆರ್.ಎಫ್.ಗೆ ಮೂವತ್ತು ವರ್ಷದ ಮಿತಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡಗಳಿಗೆ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗಗಳಿಗೆ, ಅಂಗವಿಕಲರಿಗೆ ಐದು ವರ್ಷದ ಸಡಿಲಿಕೆ, ಎಲ್‌ಎಲ್.ಎಂ. ಆದವರಿಗೆ ಮೂರು ವರ್ಷದ್ದು. ಎಲ್ಲ ಕೂಡಿಸಿದರೂ ಐದಕ್ಕೆ ಮೀರುವಂತಿಲ್ಲ. ನಮ್ಮ ಅಡಿಗೆಯವರ ಮಗಳಿಗೆ ಈಗ ಇಪ್ಪತ್ತಾರು. ಅಂದರೆ ಅವಳಿಗೆ ಮೂವತ್ತೈದರವರೆಗೆ ಬಾಗಿಲು ತೆರೆದಿದೆ. ಆ ಖಾಸಗಿ ಸಂಸ್ಥೆಯವರು, ಈ ವರ್ಷ ಸೇರದಿದ್ದರೆ ಕೈತಪ್ಪುತ್ತದೆ ಎಂದು ಅವಸರಪಡಿಸಿದ್ದು ಯಾಕೆಂದು ಈಗ ತಮಗೆ ಅರ್ಥವಾಗಿರಬಹುದು.

ಫೆಲೋಷಿಪ್ಪು ಸಿಕ್ಕಿದ ಮೇಲೆ ಕೂಡಲು ಜಾಗ ಬೇಕು. ನಮ್ಮಲ್ಲಿಯೇ ಉಸ್ಮಾನಿಯಾ ವಿಶ್ವವಿದ್ಯಾಲಯ ಇದೆ. ಶಾಮೀರ್‌ಪೇಟೆಯಲ್ಲಿ 1998ರಲ್ಲಿ ಹುಟ್ಟಿದ ನಲ್ಸಾರ್ ಕಾನೂನು ವಿಶ್ವವಿದ್ಯಾಲಯ ಇದೆ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲು, ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯ ಕನ್ನಡ ನಾಡಿನಲ್ಲಿವೆ. ಈ ಶಾಸ್ತ್ರಕ್ಕೆ ಹಳೆಯ ಹೆಸರಾದದ್ದು ದಿಲ್ಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ. ಕಟ್ಟಡ ನೋಡಿ ಹೋಗಬಾರದು. ಅಲ್ಲಿ ಈ ವಿಷಯ ಬಲ್ಲ ಮಾರ್ಗದರ್ಶಕರು ಇದ್ದಾರೆಯೇ, ಅವರ ಬಳಿ ಸ್ಥಳ ಖಾಲಿಯಿದೆಯೇ ಎಂಬುದನ್ನು ನೋಡಬೇಕು. ಒಬ್ಬೊಬ್ಬರಿಗೆ ಇಷ್ಟೇ ವಿದ್ಯಾರ್ಥಿಗಳೆಂಬ ಕಟ್ಟು ಇದೆ. ಅಂಚೆಯ ಮೂಲಕವೋ ಆನ್‌ಲೈನಿನಲ್ಲೋ ಪಿಎಚ್.ಡಿ. ಮಾಡಿಸುತ್ತೇವೆ ಎಂದು ಯಾರಾದರೂ ಬಂದರೆ ಮನೆಗೆ ಸೇರಿಸಬೇಡಿ, 2022ರ ಯು.ಜಿ.ಸಿ. ನಿಯಮದಲ್ಲಿ ಅದಕ್ಕೆ ಅವಕಾಶವಿಲ್ಲ. ಅದೇ ನಿಯಮದಲ್ಲಿ ಹೆಣ್ಣುಮಕ್ಕಳಿಗೆ ಆರು ವರ್ಷದ ಮೇಲೆ ಎರಡು ವರ್ಷ ಹೆಚ್ಚು ಕಾಲ, ಹೆರಿಗೆ ಮತ್ತು ಮಗುವಿನ ಆರೈಕೆಗೆ 240 ದಿನದವರೆಗೆ ರಜೆ ಇದೆ ಎಂಬುದನ್ನು, ಮದುವೆಯ ಚಿಂತೆಯಲ್ಲಿರುವ ತಾಯಂದಿರಿಗೆ ತಿಳಿಸುತ್ತಿದ್ದೇವೆ.

ಪರದೇಶದ ಮಾತು. ನೆದರ್‌ಲ್ಯಾಂಡ್ಸಿನಲ್ಲಿ ಪಿಎಚ್.ಡಿ. ಎಂಬುದು ಬಹುಮಟ್ಟಿಗೆ ನೌಕರಿಯೇ. ಸಾಮಾನ್ಯವಾಗಿ ನಾಲ್ಕು ವರ್ಷದ ಕರಾರು, ತಿಂಗಳ ಸಂಬಳ, ರಜೆ. ವಿಶ್ವವಿದ್ಯಾಲಯಗಳು ಕೆಲಸದ ಜಾಹೀರಾತು ಕೊಟ್ಟಂತೆ ಅದಕ್ಕೆ ಜಾಹೀರಾತು ಕೊಡುತ್ತವೆ. ಹೇಗ್ ಅಲ್ಲೇ ಇರುವುದರಿಂದ ಈ ಶಾಸ್ತ್ರಕ್ಕೆ ಅದು ತವರೂರು. ಜರ್ಮನಿಯ ಹೈಡಲ್‌ಬರ್ಗಿನಲ್ಲಿ ಇದಕ್ಕೆಂದೇ ಒಂದು ಮ್ಯಾಕ್ಸ್ ಪ್ಲಾಂಕ್ ಸಂಸ್ಥೆ ಇದೆ. ಜಿನೀವಾದಲ್ಲಿ 1927ರಲ್ಲಿ ಸ್ಥಾಪಿತವಾದ ವಿದ್ಯಾಸಂಸ್ಥೆ ಇದೆ. ಕಾರ್ಮಿಕ ಸಂಸ್ಥೆಯ ಕೇಂದ್ರ ಕಚೇರಿಯೂ ಅದೇ ಊರಿನಲ್ಲಿ. ಈ ಸ್ಥಾನಗಳಿಗೆ ಲೋಕದ ಎಲ್ಲ ಕಡೆಯಿಂದ ಅರ್ಜಿ ಬೀಳುತ್ತವೆ, ಹೆಚ್ಚಿನವರಿಗೆ ಸಿಗುವುದಿಲ್ಲ. ಆದರೆ ಅರ್ಜಿಗೆ ದಲ್ಲಾಳಿ ಬೇಕಿಲ್ಲ. ನಮ್ಮ ಸರಕಾರದ ನ್ಯಾಷನಲ್ ಓವರ್‌ಸೀಸ್ ವಿದ್ಯಾರ್ಥಿವೇತನ ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯಗಳ ಜೊತೆಗೆ ಭೂಮಿಯಿಲ್ಲದ ಕೃಷಿಕೂಲಿಗಳ ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೂ ಉಂಟು. ಮನೆಯ ವರಮಾನ ವರ್ಷಕ್ಕೆ ಎಂಟು ಲಕ್ಷದೊಳಗಿರಬೇಕು, ವಯಸ್ಸು ಮೂವತ್ತೈದರೊಳಗಿರಬೇಕು. ನಮ್ಮಲ್ಲಿ ಅನೇಕರ ಅಪ್ಪಂದಿರು ಊರಿನಲ್ಲಿ ಇನ್ನೂ ಕೂಲಿಯಲ್ಲೇ ಇದ್ದಾರೆ; ಅವರ ಮನೆಗಳಲ್ಲಿ ಇದನ್ನು ತಿಳಿಸಬೇಕು. ಆದರೆ ಯೋಜನೆಗಳು ಶಾಶ್ವತವೆಂದು ತಿಳಿಯಬೇಡಿ. ಅಲ್ಪಸಂಖ್ಯಾತರಿಗಾಗಿ ಇದ್ದ ಮೌಲಾನಾ ಆಜಾದ್ ಫೆಲೋಷಿಪ್ಪನ್ನು 2022ರಲ್ಲಿ ನಿಲ್ಲಿಸಿದರು. ಹಣ ತಿಂಗಳು ತಿಂಗಳು ಬಾರದೆ ಒಟ್ಟಿಗೆ ಬರುವುದೂ ಉಂಟು. ಆದುದರಿಂದ ಯಾರು ಕೊಡುತ್ತಾರೆ, ಎಷ್ಟು, ಎಷ್ಟು ವರ್ಷ, ತಡವಾದರೆ ಯಾರ ಬಾಗಿಲು ತಟ್ಟಬೇಕು ಎಂಬುದನ್ನು ಕಾಗದದ ಮೇಲೆ ನೋಡಿಯೇ ಒಪ್ಪಬೇಕು. ಇದನ್ನು ನಿಮಗೆ ಕಲಿಸಬೇಕೆ? ನೇಮಕಪತ್ರವಿಲ್ಲದೆ ದುಡಿದು ಕೆಟ್ಟವರೇ ನಾವೆಲ್ಲ.

ಹಣದ ದಾರಿ ಗೊತ್ತಾದರೆ ಸಾಲದು. ಆಯ್ಕೆ ಮಾಡುವವರು ಕೇಳುವುದು, ನಿನ್ನ ಪ್ರಶ್ನೆ ಯಾವುದು ಎಂದು. ನಾವು ಆ ಹುಡುಗಿಯನ್ನು ಕಚೇರಿಗೆ ಕರೆಸಿ ಕೇಳಿದೆವು. "ವಿಶ್ವಶಾಂತಿಯಲ್ಲಿ ಅಂತರರಾಷ್ಟ್ರೀಯ ನ್ಯಾಯದ ಪಾತ್ರ, ಸರ್" ಎಂದಳು. ನಮಗೆ ಶಾಸ್ತ್ರ ಗೊತ್ತಿಲ್ಲ, ಆದರೆ ಹತ್ತು ಮೊಳದ ಬಟ್ಟೆಗೆ ನೂರು ಗಜದ ಹಾಸು ಹೂಡಿದರೆ ಮಗ್ಗದಲ್ಲಿ ಹಿಡಿಯದೆಂದು ಗೊತ್ತು. ಹಾಗೆಂದೆವು. ಅವಳಿಗೆ ಸ್ವಲ್ಪ ಬೇಸರವಾಯಿತು. ಆಗ ಅಲ್ಲೇ ಕುಳಿತಿದ್ದ ಗುಲ್ಬರ್ಗಾದ ಹಿರಿಯರು, ಮೊದಲು ವಿರೋಧಿಸಿದ್ದರಲ್ಲ ಅವರೇ, ಅವಳ ಬಾಯಿಂದ 1919ರ ಅರವತ್ತು ಗಂಟೆಯ ಕಥೆ ಕೇಳಿ, "ತಡೀವ್ವಾ, ಅದರಾಗ ಬ್ರಿಟಿಷ್ ಇಂಡಿಯಾ ಅಂತ ಬರದಾರ? ಮತ್ತ ನಮ್ಮ ಗುಲ್ಬರ್ಗಾ ನಿಜಾಮಶಾಹಿದಾಗ ಇತ್ತಲ್ಲ. ನಮ್ಮಪ್ಪಗ ಎಷ್ಟು ತಾಸು?" ಎಂದು ಕೇಳಿದರು.

ಕೋಣೆ ನಿಶ್ಶಬ್ದವಾಯಿತು. ಯೋಚಿಸಿ ನೋಡಿ. ಸೊಲ್ಲಾಪುರ ಬ್ರಿಟಿಷ್ ಮುಂಬಯಿ ಪ್ರಾಂತದಲ್ಲಿತ್ತು. ಗುಲ್ಬರ್ಗಾ ಅದೇ ರೈಲುದಾರಿಯಲ್ಲಿ ಮುಂದಿನ ಊರು, ಆದರೆ ನಿಜಾಮರ ಸೀಮೆ. ಎರಡೂ ಕಡೆ ಗಿರಣಿ, ಎರಡೂ ಕಡೆ ಕನ್ನಡದ ಆಳು. ಒಪ್ಪಂದದ ಮಾತು ಒಂದು ಕಡೆಯವನನ್ನು ಮುಟ್ಟಿತು, ಇನ್ನೊಂದು ಕಡೆಯವನ ಹೆಸರೆತ್ತಲಿಲ್ಲ. ಸ್ವಾತಂತ್ರ್ಯವಿಲ್ಲದ ಹಿಂದುಸ್ತಾನ ಕಾರ್ಮಿಕ ಸಂಸ್ಥೆಯ ಮೂಲ ಸದಸ್ಯವಾದದ್ದೇ ಒಂದು ವಿಚಿತ್ರ. ಆ ಸದಸ್ಯತ್ವದೊಳಗೆ ಸಂಸ್ಥಾನಗಳ ಕಾರ್ಮಿಕನ ಸ್ಥಾನ ಯಾವುದು? ಒಪ್ಪಂದವೊಂದು ಯಾವ ನೆಲಕ್ಕೆ ಎಷ್ಟು ಅನ್ವಯಿಸುತ್ತದೆ ಎಂಬುದು ಈ ಶಾಸ್ತ್ರದ ನಡುಮನೆಯ ಪ್ರಶ್ನೆ. ಹುಡುಗಿ ಪುಸ್ತಕ ತೆರೆದು ಬರೆದುಕೊಳ್ಳತೊಡಗಿದಳು.

ಆಧಾರಗಳೂ ಇದೇ ಊರಿನಲ್ಲಿವೆ. ತಾರ್ನಾಕಾದಲ್ಲಿ ತೆಲಂಗಾಣದ ಪತ್ರಾಗಾರ ಇದೆ. ನಿಜಾಮ ಸರಕಾರದ ಕಡತಗಳು ಅಲ್ಲಿವೆ, ಬಹಳಷ್ಟು ಉರ್ದುವಿನಲ್ಲಿ. ಹೇಗ್ ನಗರದ ದೊಡ್ಡ ಪ್ರೊಫೆಸರಿಗೆ ಆ ಕಾಗದ ಓದಲು ಬಾರದು. ನಮ್ಮ ಹಿರಿಯರು ಶಾಲೆ ಕಲಿತದ್ದೇ ಉರ್ದುವಿನಲ್ಲಿ. "ಬಾರವ್ವಾ, ನಾ ಓದಿ ಹೇಳ್ತೀನಿ" ಎಂದು ಅವರು ಹೇಳಿದಾಗ ಅಡಿಗೆಯವರು ಕಣ್ಣೊರೆಸಿಕೊಂಡರು. ಮನೆಯ ಮಾತು ತೆಲುಗೋ ಉರ್ದುವೋ ಮರಾಠಿಯೋ ಕನ್ನಡವೋ, ಇಂಥ ಎರಡು ಮೂರು ಭಾಷೆ ಬಲ್ಲ ನಮ್ಮ ಮಕ್ಕಳಿಗೆ ಅದೇ ಬಂಡವಾಳ. ತೆಲಂಗಾಣದಿಂದ ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರ ಹಕ್ಕುಗಳ ಮೇಲೆ ಯಾರಾದರೂ ಬರೆಯಬೇಕಾದರೂ ಇದೇ ಮಾತು.

ಪ್ರಶ್ನೆ ಸಿಕ್ಕ ಮೇಲೆ ಅದನ್ನು ನಾಲ್ಕೈದು ಪುಟದಲ್ಲಿ ಬರೆಯಬೇಕು: ಏನು ಕೇಳುತ್ತೇನೆ, ಈವರೆಗೆ ಯಾರು ಏನು ಹೇಳಿದ್ದಾರೆ, ಯಾವ ಕಾಗದ ನೋಡುತ್ತೇನೆ, ಯಾವ ವರ್ಷ ಏನು ಮುಗಿಸುತ್ತೇನೆ. ಮಾರ್ಗದರ್ಶಕರಾಗಬಹುದಾದವರ ಒಂದು ಲೇಖನವನ್ನಾದರೂ ನಿಜವಾಗಿ ಓದಿ, ಅವರಿಗೆ ಚಿಕ್ಕ ಪತ್ರ ಬರೆಯಬೇಕು. ನೂರು ಮಂದಿಗೆ ಒಂದೇ ಪತ್ರ ಕಳಿಸಿದರೆ ಅದು ಮದುವೆಯ ಕರೆಯೋಲೆಯಾಗುತ್ತದೆ. ಅನೇಕರು ಉತ್ತರಿಸುವುದಿಲ್ಲ, ಅದಕ್ಕೆ ಎದೆಗುಂದಬಾರದು. ಓದುವುದಕ್ಕೆ ಹಣ ಬೇಕೆಂಬುದೂ ಪೂರ್ತಿ ನಿಜವಲ್ಲ. ಅಂತರರಾಷ್ಟ್ರೀಯ ನ್ಯಾಯಾಲಯದ ತೀರ್ಪುಗಳೆಲ್ಲ ಅದರ ತಾಣದಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ವಿಶ್ವಸಂಸ್ಥೆ 2008ರಿಂದ ಈ ಶಾಸ್ತ್ರದ ಉಪನ್ಯಾಸಗಳನ್ನು ಯಾರು ಬೇಕಾದರೂ ಕೇಳುವಂತೆ ಇಟ್ಟಿದೆ. ಜೇಬಿನ ಫೋನಿನಲ್ಲಿ ಸಿನೆಮಾ ಬರುವಂತೆ ಅವೂ ಬರುತ್ತವೆ.

ಪಿಎಚ್.ಡಿ. ಆದ ಮೇಲೆ ಏನು ಎಂದು ಕೇಳುವಿರಿ. ಹೆಚ್ಚಿನವರು ಅಧ್ಯಾಪಕರಾಗುತ್ತಾರೆ. ವಿದೇಶಾಂಗ ಖಾತೆಯಲ್ಲಿ ಕಾನೂನು ಮತ್ತು ಒಪ್ಪಂದಗಳ ವಿಭಾಗ ಇದೆ, ಕಾರ್ಮಿಕ ಸಂಸ್ಥೆಯಂಥ ಕಡೆ ಕೆಲಸಗಳಿವೆ. ಆದರೆ ಸ್ಥಾನಗಳು ಬೆರಳೆಣಿಕೆ. ಕೆಲಸ ಖಂಡಿತವೆಂದು ನಾವು ಯಾರಿಗೂ ಹೇಳಲಾರೆವು. ಹುಡುಗಿಗೂ ಹೇಳಿದ್ದೇವೆ: ವಕೀಲಿಯ ಸನ್ನದು ತೆಗೆದಿಟ್ಟುಕೋ, ಅದು ಬೇರೆ ಗಂಟು.

ಇನ್ನು ಅರ್ಜಿಯ ವಿಚಾರ. ಒಂದೂವರೆ ಲಕ್ಷದ ಸಾಲವನ್ನು ಕೊಡಬಾರದೆಂದು ನಾವು ಸಮಿತಿಗೆ ಬರೆದುಕೊಟ್ಟಿದ್ದೇವೆ. ಅದರ ಬದಲು ಮುಂದಿನ ಎರಡು ನೆಟ್ ಪರೀಕ್ಷೆಗಳ ಶುಲ್ಕ, ಪುಸ್ತಕದ ಖರ್ಚು, ಸಂದರ್ಶನಕ್ಕೆ ಕರೆ ಬಂದರೆ ದಿಲ್ಲಿ ಅಥವಾ ಬೆಂಗಳೂರಿನವರೆಗೆ ರೈಲಿನ ಖರ್ಚು, ಇಷ್ಟನ್ನು ಸಾಲವಾಗಿ ಅಲ್ಲ, ಸಹಾಯವಾಗಿ ಕೊಡಬೇಕೆಂದೂ ಬರೆದಿದ್ದೇವೆ. ಒಂದೇ ಕೋಣೆಯ ಮನೆಯಲ್ಲಿ ಐದು ಜನರ ನಡುವೆ ಓದು ಸಾಗದೆಂದು ಅವಳು ಸಂಕೋಚದಿಂದ ಹೇಳಿದಳು. ಸಂಘದ ಕಚೇರಿ ಬೆಳಿಗ್ಗೆ ಆರರಿಂದ ಹತ್ತರವರೆಗೆ ಖಾಲಿಯಿರುತ್ತದೆ. ಬೀಗದ ಕೈ ಅವಳಿಗೆ ಕೊಡಬಹುದು. ಅಡಿಗೆಯವರು ಇದಕ್ಕೆ ಒಪ್ಪಿದ್ದಾರೆ. ಹುಡುಗಿ ಅರ್ಧ ಒಪ್ಪಿದ್ದಾಳೆ. ಸೇರಿಸಿಕೊಳ್ಳುತ್ತೇವೆ ಎಂದ ಸಂಸ್ಥೆಯನ್ನು ಬಿಟ್ಟುಕೊಡುವುದು ಅವಳಿಗೆ ಸುಲಭವಾಗಿಲ್ಲ, ಅದು ಸಹಜ.

ಮುಂದಿನ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ, ಹೋಟೆಲಿನವರ ಊಟದ ಪಾಳಿ ಮುಗಿದ ಮೇಲೆ, ಸಮಿತಿ ಕೂಡುತ್ತದೆ. ಹುಡುಗಿಯೂ ಬರುತ್ತಾಳೆ. ಕಾನೂನು ಓದುತ್ತಿರುವ ಮಕ್ಕಳು ಬೇರೆ ಮನೆಗಳಲ್ಲಿದ್ದರೆ ಕರೆತನ್ನಿ, ಅವರ ಅಂಕಪಟ್ಟಿಗಳನ್ನೂ ತನ್ನಿ.